ಪರಲೋಕದ ಹಂಗಿಲ್ಲದ ಶತಾಯುಷಿ

ಅಸುಂಡಿಯ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡಾಗ ನಾನು ಎ.ಎನ್. ಮೂರ್ತಿರಾವ್ ಅವರ ‘ದೇವರು’ ಕೃತಿಯನ್ನು ಓದುತ್ತಿದ್ದೆ. ಅಪ್ಪ ಈಗ ಎಲ್ಲಿರಬಹುದೆಂದು ಅವ್ವ ಕೇಳಿದಳು. ಎಲ್ಲಿಯೂ ಇಲ್ಲವೆಂದು ಹೇಳಲು ನಾಲಿಗೆ ಏಳಲಿಲ್ಲ. ಆ ಮೌನ ಹೇಡಿತನವೋ ಅನುಕಂಪವೋ ಎಂಬ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮೂರ್ತಿರಾಯರ ಬದುಕನ್ನು ನಾನು ಮತ್ತೆ ಮತ್ತೆ ನೆನೆಯುವುದು ಈ ಕಾರಣದಿಂದ.

ಅವರು ಹುಟ್ಟಿದ್ದು 1900ರ ಜೂನ್ 16ರಂದು, ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ. ಮೈಸೂರಿನಲ್ಲಿ ಓದಿ ಇಂಗ್ಲಿಷ್ ಅಧ್ಯಾಪಕರಾದರು. 1937ರ ‘ಹಗಲುಗನಸುಗಳು’ ಅವರಿಗೆ ಲಲಿತ ಪ್ರಬಂಧಕಾರರೆಂಬ ಹೆಸರು ತಂದಿತು. ಧಾರ್ಮಿಕ ಡಾಂಭಿಕತೆಯನ್ನು ಬಯಲಿಗೆಳೆಯುವ ಮೋಲಿಯೇರನ ನಾಟಕವನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ಒಗ್ಗಿಸಿದರು. ಸಾಕ್ರೆಟೀಸನ ಕೊನೆಯ ದಿನಗಳ ಸಂವಾದಗಳನ್ನೂ ಅನುವಾದಿಸಿದರು. ಸಾವು ಕನಸಿಲ್ಲದ ನಿದ್ರೆಯಾಗಲಿ, ಬೇರೊಂದು ಲೋಕದ ಪಯಣವಾಗಲಿ, ಅಂಜಬೇಕಾದದ್ದಲ್ಲ ಎಂಬ ಆ ಗ್ರೀಕ್ ದಾರ್ಶನಿಕನ ವಿಚಾರ ಹಾಗೆ ಕನ್ನಡದ ಓದುಗರನ್ನು ಮುಟ್ಟಿತು. 1979ರಲ್ಲಿ ‘ಚಿತ್ರಗಳು ಪತ್ರಗಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 1984ರಲ್ಲಿ, ಭಕ್ತಕವಿ ನಾರೇಯಣ ತಾತಯ್ಯನವರ ಊರಾದ ಕೈವಾರದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು.

‘ದೇವರು’ ಪ್ರಕಟವಾದದ್ದು 1991ರಲ್ಲಿ. ಸಾಮಾನ್ಯವಾಗಿ ಜನರು ಪರಲೋಕದ ಬುತ್ತಿ ಕಟ್ಟಿಕೊಳ್ಳುವ ತೊಂಬತ್ತರ ವಯಸ್ಸಿನಲ್ಲಿ, ಅವರು ಸರ್ವಶಕ್ತನೂ ದಯಾಮಯನೂ ಆದ ದೇವರೆಂಬ ಕಲ್ಪನೆಯನ್ನು ಲೋಕದ ದುಃಖದ ಎದುರು ನಿಲ್ಲಿಸಿ ಪರೀಕ್ಷಿಸಿದರು. ಅವರ ತರ್ಕ ಹರಿತವಾದದ್ದು. ಆದರೆ ನಂಬಿದವರನ್ನು ಹೀಯಾಳಿಸುವ ಚಪಲ ಅದರಲ್ಲಿಲ್ಲ. ಕರ್ನಾಟಕದಲ್ಲಿ ಆ ಪುಸ್ತಕವನ್ನು ಆಸ್ತಿಕರೂ ಓದಿದರು.

ಆ ತರ್ಕದ ಬೆಲೆ ನನಗೆ ಅರಿವಾದದ್ದು ಸರ್ಕಾರಿ ಸೇವೆಯಲ್ಲಿ. ಬರಗಾಲದ ವರ್ಷಗಳಲ್ಲಿ ಪರಿಹಾರ ತಡವಾದರೂ ನಮ್ಮ ಭಾಗದ ರೈತರು ಹಣೆಬರಹವೆಂದು ಹೇಳಿ ಹಿಂದಿರುಗುತ್ತಿದ್ದರು. ಹಿಂದಿನ ಜನ್ಮದ ಕರ್ಮವೇ ಕಾರಣವಾದರೆ, ಕಡತವನ್ನು ಮೇಜಿನ ಮೇಲೆ ಉಳಿಸಿಕೊಂಡ ಅಧಿಕಾರಿ ನಿರಪರಾಧಿ. ಅವರ ಆ ಮಾತಿನಿಂದ ನನಗೂ ಒಮ್ಮೊಮ್ಮೆ ಸಮಾಧಾನವಾಗಿದ್ದುಂಟು ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಮುಂದಿನ ಜನ್ಮವಿಲ್ಲವೆಂದು ಒಪ್ಪಿದವನಿಗೆ ನ್ಯಾಯವನ್ನು ಮುಂದೂಡುವ ಅವಕಾಶವಿರುವುದಿಲ್ಲ. ನಾಸ್ತಿಕತೆ ನೀತಿಯನ್ನು ಸಡಿಲಿಸುತ್ತದೆಂಬ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಕಾಣದು.

ಮೂರ್ತಿರಾಯರು 2003ರಲ್ಲಿ, ನೂರಮೂರು ವರ್ಷ ತುಂಬಿದ ಮೇಲೆ ನಿಧನರಾದರು. ನನ್ನ ಅವ್ವನೂ ಈಗ ಇಲ್ಲ. ಮಹಾಲಯ ಅಮಾವಾಸ್ಯೆಯಂದು ಮನೆಯವರು ಹಿರಿಯರಿಗೆ ಎಡೆ ಇಡುವಾಗ ನಾನೂ ಜೊತೆಗೆ ಕುಳಿತಿರುತ್ತೇನೆ. ಅವಳು ಬಂದು ಉಣ್ಣುತ್ತಾಳೆಂದು ನಾನು ನಂಬುವುದಿಲ್ಲ. ಹಾಗೆಂದು ಎದ್ದು ಹೋಗುವುದೂ ಇಲ್ಲ. ಅಂದು ಅವಳೆದುರು ಸುಮ್ಮನಿದ್ದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕಚೇರಿಯಲ್ಲಿ ಆ ರೈತರೆದುರು ಸುಮ್ಮನಿದ್ದುದಕ್ಕೆ ಇದೆ.