ಹಲ್ಲಿನ ಬೆಳ್ಳಿಯನ್ನು ಅಳೆದ ಜಿ.ವಿ. ಬ್ಲ್ಯಾಕ್

ನಮ್ಮ ಸಂಗೊಳ್ಳಿ ಕಡೆ ಖಡಕ್ ರೊಟ್ಟಿ ತಿನ್ನೋರಿಗೆ ದವಡೆ ಹಲ್ಲಿನ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಮೊದಲು ಕೇಳೋದೂ ಅದು ಎಷ್ಟು ವರ್ಷ ಬಾಳಿಕೆ ಬರ್ತದೆ ಅಂತಲೇ. ಈ ಪ್ರಶ್ನೆಗೆ ಅಂದಾಜು ಬಿಟ್ಟು ಅಳತೆಯಿಂದ ಉತ್ತರ ಹುಡುಕಿದವರು ಅಮೆರಿಕದ ಗ್ರೀನ್ ವಾರ್ಡಿಮನ್ ಬ್ಲ್ಯಾಕ್.

ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದ್ದು 1831ರಲ್ಲಿ. ಅದಾಗಿ ಐದು ವರ್ಷಕ್ಕೆ, 1836ರ ಆಗಸ್ಟ್ 3ರಂದು, ಬ್ಲ್ಯಾಕ್ ಇಲಿನಾಯ್ ರಾಜ್ಯದ ವಿಂಚೆಸ್ಟರ್ ಹತ್ತಿರ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ಕಡಿಮೆ. 17ನೇ ವಯಸ್ಸಿಗೆ ಅಣ್ಣನ ಹತ್ತಿರ ವೈದ್ಯಕೀಯ ಕಲಿಯಲು ಹೋದರು. 1857ರಲ್ಲಿ ಒಬ್ಬ ದಂತವೈದ್ಯರ ಬಳಿ ಕೆಲವು ತಿಂಗಳು ಹಲ್ಲಿನ ಕೆಲಸ ಕಲಿತರು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಆಮೇಲೆ ಜಾಕ್ಸನ್‌ವಿಲ್‌ನಲ್ಲಿ ನೆಲೆಸಿ ವೃತ್ತಿ ನಡೆಸಿದರು. ಕಾಲಿನಿಂದ ತುಳಿದು ತಿರುಗಿಸುವ ಹಲ್ಲು ಕೊರೆಯುವ ಯಂತ್ರವನ್ನು ತಾವೇ ಮಾಡಿಕೊಂಡಿದ್ದರು.

ಆಗ ಬೆಳ್ಳಿ ಮತ್ತು ತವರದ ಪುಡಿಗೆ ಪಾದರಸ ಕಲಸಿ ಹಲ್ಲಿಗೆ ತುಂಬೋರು. ಇದೇ ಅಮಾಲ್ಗಮ್. ಒಂದು ಮಿಶ್ರಣ ಕುಗ್ಗಿ ಅಂಚಿನಲ್ಲಿ ಸಂದಿ ಬಿಡ್ತಿತ್ತು, ಇನ್ನೊಂದು ಹಿಗ್ಗಿ ಹೊರಗೆ ಉಬ್ಬುತ್ತಿತ್ತು. ಪಾದರಸದ ಭಯವೂ ಇತ್ತು. ಅಮಾಲ್ಗಮ್ ಬೇಕೋ ಬೇಡವೋ ಅನ್ನೋ ಜಗಳದಲ್ಲಿ ಅಲ್ಲಿನ ಮೊದಲ ದಂತವೈದ್ಯರ ಸಂಘವೇ 1856ರಲ್ಲಿ ಮುಚ್ಚಿಹೋಯಿತು.

ಬ್ಲ್ಯಾಕ್ ಜಗಳಕ್ಕೆ ನಿಲ್ಲದೆ ಅಳೆಯಲು ಕೂತರು. ಗಟ್ಟಿಯಾಗುವಾಗ ಮಿಶ್ರಣ ಎಷ್ಟು ಹಿಗ್ಗುತ್ತದೆ, ಭಾರ ಹೇರಿದರೆ ಎಷ್ಟು ಜಗ್ಗುತ್ತದೆ, ಮನುಷ್ಯ ಎಷ್ಟು ಬಲವಾಗಿ ಕಚ್ಚುತ್ತಾನೆ ಎಂದು ನೋಡಲು ಬೇರೆ ಬೇರೆ ಉಪಕರಣ ಬಳಸಿದರು. 1895ರಿಂದ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ಪಾಕದಲ್ಲಿ ಸುಮಾರು ಮೂರನೇ ಎರಡು ಪಾಲು ಬೆಳ್ಳಿ, ಕಾಲು ಪಾಲಿಗಿಂತ ತುಸು ಹೆಚ್ಚು ತವರ, ಸ್ವಲ್ಪ ತಾಮ್ರ, ಚೂರು ಸತು. ಬೆಳ್ಳಿ ಹಿಗ್ಗಿಸುತ್ತದೆ, ತವರ ಕುಗ್ಗಿಸುತ್ತದೆ, ತಾಮ್ರ ಗಟ್ಟಿತನ ಕೊಡುತ್ತದೆ. ಈ ಮೂರರ ಸಮತೋಲನವೇ ಗುಟ್ಟು. ಮುಂದಿನ ಸುಮಾರು 70 ವರ್ಷ ಅಮಾಲ್ಗಮ್ ತಯಾರಕರು ಹೆಚ್ಚುಕಡಿಮೆ ಇದೇ ದಾರಿ ಹಿಡಿದರು.

1897ರಲ್ಲಿ ಅವರು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತ ಕಾಲೇಜಿನ ಡೀನ್ ಆದರು. 1908ರಲ್ಲಿ ಎರಡು ಸಂಪುಟಗಳ ಪಠ್ಯ ಬರೆದರು. ಹುಳುಕನ್ನು ಜಾಗದ ಪ್ರಕಾರ ವಿಂಗಡಿಸಿದ ಅವರ ಕ್ರಮವನ್ನು ದಂತ ಕಾಲೇಜುಗಳಲ್ಲಿ ಇವತ್ತಿಗೂ ಕಲಿಸುತ್ತಾರೆ. 1915ರಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಪ್ರಶ್ನೆ ಮಾತ್ರ ಮುಗಿಯಲಿಲ್ಲ. 1970ರ ದಶಕದಲ್ಲಿ ಬಂದ ಗ್ಲಾಸ್ ಅಯನೋಮರ್ ಸಿಮೆಂಟ್ ಪಾದರಸವಿಲ್ಲದೆ ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡನ್ನೂ ಬಿಡುತ್ತದೆ. ಆದರೆ ಜಗಿದಂತೆ ಬೇಗ ಸವೆಯುತ್ತದೆ. 1980ರ ದಶಕದಲ್ಲಿ ಅದಕ್ಕೆ ಲೋಹ ಸೇರಿಸಿ ನೋಡಿದರು. ಅಮಾಲ್ಗಮ್ ಪುಡಿಯನ್ನು ಬರೀ ಕಲಸಿದಾಗ ಲೋಹದ ಕಣ ಸಿಮೆಂಟನ್ನು ಸರಿಯಾಗಿ ಹಿಡಿಯಲಿಲ್ಲ. ಬೆಳ್ಳಿಯನ್ನು ಗಾಜಿನ ಪುಡಿಯ ಜೊತೆ ಕಾಯಿಸಿ ಬೆಸೆದಾಗ ಸವೆತ ಕಡಿಮೆಯಾಯಿತು, ಆದರೆ ಬಿರುಕು ಬಿಡುವ ಗುಣ ಅಷ್ಟಾಗಿ ತಗ್ಗಲಿಲ್ಲ.

ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ನಾವು ಗಟ್ಟಿತನದ ನಂಬರ್ ಬರೆದು ಮುಗೀತು ಅಂತೀವಿ. ನೂಪ್ ಅಳತೆಯಲ್ಲಿ ಎನಾಮಲ್ ಸುಮಾರು 340, ಅಮಾಲ್ಗಮ್ ಸುಮಾರು 110. ಆದರೂ ದವಡೆಯಲ್ಲಿ ಅಮಾಲ್ಗಮ್ ವರ್ಷಗಟ್ಟಲೆ ಬಾಳಿದೆ. ಗಟ್ಟಿತನ, ಸವೆತ, ಬಿರುಕು ಮೂರೂ ಬೇರೆ ಬೇರೆ. ಒಂದೊಂದನ್ನೂ ಬೇರೆಯಾಗಿಯೇ ಅಳೆಯಬೇಕು. ಬ್ಲ್ಯಾಕ್ ಮಾಡಿದ್ದು ಅದನ್ನೇ.