ಉಲುಗ್ ಬೇಗ್: ನಕ್ಷತ್ರಗಳ ಲೆಕ್ಕವಿಟ್ಟ ದೊರೆ

ಮಂಗಳ ಮತ್ತು ಗುರು ಗ್ರಹಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ 2439ನೇ ಕ್ಷುದ್ರಗ್ರಹದ ಹೆಸರು ಉಲುಗ್‌ಬೆಕ್. 1977ರಲ್ಲಿ ಕ್ರಿಮಿಯಾದಲ್ಲಿ ನಿಕೊಲಾಯ್ ಚೆರ್ನಿಖ್ ಅದನ್ನು ಕಂಡುಹಿಡಿದರು. ಈ ಹೆಸರಿನ ದೊರೆ ಯಾರು ಗೊತ್ತೇ?

ತೈಮೂರನ ಮೊಮ್ಮಗ, ಜನನ 1394. ಅಜ್ಜನಿಗೆ ದೇಶ ಗೆಲ್ಲುವ ಹುಚ್ಚು, ಮೊಮ್ಮಗನಿಗೆ ಗಣಿತದ ಹುಚ್ಚು. ಸಮರ್ಖಂದದಲ್ಲಿ ಮದರಸಾ ಕಟ್ಟಿಸಿದ, ವೀಕ್ಷಣಾಲಯವನ್ನೂ ಕಟ್ಟಿಸಿದ. ಅಲ್ಲಿದ್ದ ಕೋನಮಾಪಕದ ತ್ರಿಜ್ಯ ಸುಮಾರು 40 ಮೀಟರ್! ದೂರದರ್ಶಕ ಇನ್ನೂ ಹುಟ್ಟದ ಕಾಲವದು. ಉಪಕರಣ ದೊಡ್ಡದಾದಷ್ಟೂ ಅಳತೆ ಸೂಕ್ಷ್ಮ. ವಿದ್ವಾಂಸರೊಡನೆ ದೊರೆಯೂ ಲೆಕ್ಕಕ್ಕೆ ಕುಳಿತ. 1437ರ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳಿವೆ.

ರಾಜ್ಯಭಾರ ಮಾತ್ರ ಅವನಿಗೆ ಒಗ್ಗಲಿಲ್ಲ. 1449ರಲ್ಲಿ ಸ್ವಂತ ಮಗನೇ ಕೊಲ್ಲಿಸಿದ. ವೀಕ್ಷಣಾಲಯವೂ ನೆಲಸಮವಾಯಿತು. ಶಿಷ್ಯ ಅಲಿ ಕುಶ್ಜಿ ಆ ವಿದ್ಯೆಯನ್ನು ಇಸ್ತಾಂಬುಲ್‌ಗೆ ಕೊಂಡೊಯ್ದ. 1908ರಲ್ಲಿ ವ್ಯಾಟ್ಕಿನ್ ಅಗೆಸಿದಾಗ ಮಾಪಕದ ಕೆಳಭಾಗ ಮಣ್ಣಿನಡಿ ಹಾಗೇ ಉಳಿದಿತ್ತು.