ಊರೂರಿನ ಹೆಸರು ಕೇಳಿ ಬರೆಸಿದ ಕರ್ನಲ್ ಮೆಕೆಂಜಿ

ಒಂದೇ ಗುಡ್ಡಕ್ಕೆ ಕನ್ನಡದವರು ಬೆಟ್ಟ ಎನ್ನುತ್ತಾರೆ, ತೆಲುಗರು ಕೊಂಡ ಎನ್ನುತ್ತಾರೆ. ಗಡಿನಾಡಿನವರಿಗೆ ಇದು ಹೊಸದಲ್ಲ. ಆದರೆ ನಕ್ಷೆ ಬರೆಯುವವನಿಗೆ ಇದು ದೊಡ್ಡ ತೊಡಕು. ಇನ್ನೂರು ವರ್ಷಗಳ ಹಿಂದೆ ಈ ತೊಡಕನ್ನು ಎದುರಿಸಿದವರು ಕರ್ನಲ್ ಕಾಲಿನ್ ಮೆಕೆಂಜಿ.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. 1783ರಲ್ಲಿ ಕಂಪನಿ ಸೈನ್ಯಕ್ಕೆ ಸೇರಿ ಮದ್ರಾಸಿಗೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ರಾಜ್ಯ ಹಂಚಿಹೋಯಿತು. ಕೆನರಾ, ಕೊಯಮತ್ತೂರು ಸೀಮೆಗಳು ಕಂಪನಿಗೆ ಸೇರಿದವು. ಯಾವ ಹಳ್ಳಿ ಯಾರದು, ಗಡಿ ಯಾವ ಹಳ್ಳ ದಾಟುತ್ತದೆ ಎಂದು ತಿಳಿಯಬೇಕಿತ್ತು. ಆ ಸರ್ವೆಯ ಹೊಣೆ ಮೆಕೆಂಜಿಯವರಿಗೆ ಬಂತು.

ಬೆಟ್ಟದ ತುದಿಯಲ್ಲಿ ಥಿಯೋಡಲೈಟ್ ಇಟ್ಟು ಕೋನ ಅಳೆಯಬಹುದು. ಆದರೆ ಬೆಟ್ಟದ ಹೆಸರನ್ನು ಯಂತ್ರ ಹೇಳುವುದಿಲ್ಲ. ಅದನ್ನು ಊರಿನವರೇ ಹೇಳಬೇಕು. ವಿಚಿತ್ರವೆಂದರೆ ಮೆಕೆಂಜಿಯವರಿಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ. ಅವರಿಗೆ ಕಿವಿ, ಬಾಯಿ ಆದವರು ತೆಲುಗು ನಾಡಿನ ಕಾವಲಿ ವೆಂಕಟ ಬೊರಯ್ಯ, ಆತನ ತಮ್ಮ ಲಕ್ಷ್ಮಯ್ಯ ಮತ್ತು ಇತರ ಸಹಾಯಕರು. ಹಳಗನ್ನಡ ಶಾಸನ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ನೆರವಾದರು. ಇವರು ಊರೂರು ಸುತ್ತಿ, ಶಾನುಭೋಗರ ಕಡತ ನೋಡಿ, ಹಿರಿಯರನ್ನು ಕೇಳಿ, ಊರಿಗೆ ಆ ಹೆಸರು ಬಂದದ್ದು ಹೇಗೆ, ಕೆರೆ ಕಟ್ಟಿಸಿದವರು ಯಾರು, ಆಳಿದ ಪಾಳೆಯಗಾರ ಯಾರು ಎಂದು ಬರೆದುಕೊಂಡರು. ಇವೇ ಕೈಫಿಯತ್ತುಗಳು.

1801ರ ಹೊತ್ತಿಗೆ ಕಂಪನಿ ಖರ್ಚು ಕಡಿಮೆ ಮಾಡಿತು. ಆದರೂ ಕೆಲಸ ನಿಲ್ಲಲಿಲ್ಲ. ಬೊರಯ್ಯ 1803ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಲಕ್ಷ್ಮಯ್ಯ ಹೊಣೆ ಹೊತ್ತರು. ನಿಜಾಮರು 1800ರಲ್ಲಿ ಬಿಟ್ಟುಕೊಟ್ಟ ಬಳ್ಳಾರಿ, ಆದೋನಿ, ರಾಯದುರ್ಗ ಸೀಮೆಯ ಸರ್ವೆಯೂ 1809ರಿಂದ 1815ರವರೆಗೆ ಮೆಕೆಂಜಿಯವರ ಉಸ್ತುವಾರಿಯಲ್ಲೇ ನಡೆಯಿತು. 1815ರಲ್ಲಿ ಅವರು ಭಾರತದ ಮೊದಲ ಸರ್ವೇಯರ್ ಜನರಲ್ ಆದರು. 1816ರಲ್ಲಿ ಥಾಮಸ್ ಹಿಕಿ ಬರೆದ ಅವರ ಚಿತ್ರದಲ್ಲಿ ಮೂವರು ದೇಶೀಯ ಸಹಾಯಕರೂ ಇದ್ದಾರೆ, ಹಿಂದೆ ಗೊಮ್ಮಟ ಮೂರ್ತಿಯೂ ಕಾಣುತ್ತದೆ.

1821ರ ಮೇ 8ರಂದು ಮೆಕೆಂಜಿ ಕಲ್ಕತ್ತೆಯ ಬಳಿ ತೀರಿಕೊಂಡರು. ಅವರ ಸಂಗ್ರಹದಲ್ಲಿ 8 ಸಾವಿರಕ್ಕೂ ಹೆಚ್ಚು ಶಾಸನ ಪ್ರತಿಗಳಿದ್ದವು. ಸರ್ಕಾರ ಅದನ್ನೆಲ್ಲ ಕೊಂಡುಕೊಂಡಿತು. ಉಳಿದ ಕೆಲಸ ಮುಂದುವರಿಸಲು ಲಕ್ಷ್ಮಯ್ಯ ಅನುಮತಿ ಕೇಳಿದರು. ದೇಶೀಯನಿಗೆ ಆ ಯೋಗ್ಯತೆ ಇಲ್ಲವೆಂದು 1830ರ ದಶಕದಲ್ಲಿ ಅದನ್ನು ನಿರಾಕರಿಸಲಾಯಿತು. ಹೆಸರು ಕೇಳಿ ತಂದವನೇ ಹೊರಗೆ ಉಳಿದ.

ಕೈಫಿಯತ್ತುಗಳ ಬಹುಭಾಗ ಇಂದು ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿದೆ. ಡಾ. ಎಂ.ಎಂ. ಕಲಬುರ್ಗಿಯವರು ಕನ್ನಡದವನ್ನು ಸಂಪಾದಿಸಿ ಪುಸ್ತಕವಾಗಿ ತಂದಿದ್ದಾರೆ. ರಾಜ್ಯಗಳ ಗೆರೆ ಆಮೇಲೆ ಎಷ್ಟೋ ಸಲ ಬದಲಾಯಿತು. ಅಂದು ಹಳ್ಳಿಯ ಹಿರಿಯರು ಹೇಳಿದ ಹೆಸರುಗಳು ಮಾತ್ರ ಆ ಹಾಳೆಗಳಲ್ಲಿ ಹಾಗೆಯೇ ಉಳಿದಿವೆ. ನಮ್ಮ ಊರಿನ ಹಳ್ಳ, ಗುಡ್ಡಗಳ ಹೆಸರು ಮೊಮ್ಮಕ್ಕಳಿಗೆ ಗೊತ್ತಿದೆಯೇ ಎಂದು ಪ್ರತಿ ಮನೆಯಲ್ಲೂ ಒಮ್ಮೆ ಕೇಳಿ ನೋಡಬೇಕು.